ತೋಟವೇ ಕೊಟ್ಟ ಗೃಹಾಲಂಕಾರ

ಚಿಕ್ಕಮಗಳೂರಿನಿಂದ ಮೂಡಿಗೆರೆ, ಕೊಟ್ಟಿಗೆಹಾರಗಳ ಮಾರ್ಗವಾಗಿ ಕಳಸದ ಕಡೆಗೆ ಸಾಗುವ ಪಥಿಕನು ದಾರಿಯ ತೋಟದ ಮನೆಯೊಂದರ ಜಗಲಿಯನ್ನೇರಿ ಕುಳಿತನೆಂದರೆ, ಬೆಲ್ಲದ ಕಾಫಿಯ ಲೋಟವನ್ನಿಡಲೆಂದು ಮನೆಯವರು ಅವನ ಮುಂದೆ ಸರಿಸುವ ಪುಟ್ಟ ಮೇಜಿನ ಕಾಲುಗಳನ್ನು ಒಮ್ಮೆ ಸಾವಧಾನದಿಂದ ನೋಡಬೇಕು. ಎಷ್ಟೋ ಮನೆಗಳಲ್ಲಿ ಅವು ಬಡಗಿಯ ಉಳಿಯಿಂದ ಮೂಡಿದವಾಗಿರುವುದಿಲ್ಲ. ಅದೇ ತೋಟದಲ್ಲಿ ಮೂರು ನಾಲ್ಕು ದಶಕ ಫಲವಿತ್ತು, ಮುಪ್ಪಡರಿ, ಕೊನೆಗೆ ನೆಲಬಿಟ್ಟ ಕಾಫಿಗಿಡವೊಂದರ ಬೇರುಗಳೇ ಅಲ್ಲಿ ಮೇಜಿನ ಕಾಲುಗಳಾಗಿ ನಿಂತಿರುತ್ತವೆ. ಜನ ಇದನ್ನು ಸರಳವಾಗಿ ‘ಕಾಫಿ ಬೊಡ್ಡೆ’ ಎನ್ನುತ್ತಾರೆ. ತೋಟವು ಬಿಟ್ಟುಕೊಟ್ಟ ವಸ್ತುವಿನಿಂದಲೇ ಮನೆಯನ್ನು ಚೆಲುವಾಗಿಸುವ ಈ ಸೀಮೆಯ ಮಿತವ್ಯಯದ ಕಲೆಗೆ ಇದಕ್ಕಿಂತ ಉತ್ತಮ ನಿದರ್ಶನವನ್ನು ನಾನು ಕಂಡಿಲ್ಲ.

ಬೊಡ್ಡೆಗೆ ಆ ವಿಚಿತ್ರ ರೂಪ ಬಂದುದಾದರೂ ಹೇಗೆ? ಬಾಬಾ ಬುಡನರು ಯೆಮನ್ ದೇಶದಿಂದ ಏಳು ಬೀಜಗಳನ್ನು ತಂದು ಚಂದ್ರದ್ರೋಣ ಪರ್ವತದಲ್ಲಿ ಬಿತ್ತಿದರೆಂಬ ಐತಿಹ್ಯವುಳ್ಳ ಅರೇಬಿಕಾ ಸಸ್ಯವು, ತನ್ನಷ್ಟಕ್ಕೆ ಬಿಟ್ಟರೆ, ಸಣ್ಣ ಮರವೇ ಆಗಿ ಬೆಳೆಯತಕ್ಕದ್ದು. ಆದರೆ ಹಣ್ಣು ಕೊಯ್ಯುವವರ ಕೈಗೆಟುಕಬೇಕಾದುದರಿಂದ ಬೆಳೆಗಾರನು ಅದರ ತಲೆ ಚಿವುಟಿ ಸುಮಾರು ಐದು ಅಡಿಗೆ ನಿಲ್ಲಿಸುತ್ತಾನೆ. ವರ್ಷವರ್ಷವೂ ಕೊಯ್ಲು ಮುಗಿದ ಮೇಲೆ ತೋಟದವರು ‘ಕಸಿ’ ಎನ್ನುವಂತೆ ಮುದಿರೆಂಬೆಗಳನ್ನು ಸವರಿ, ಬೇಡದ ಚಿಗುರನ್ನು ತೆಗೆಯುತ್ತಾನೆ. ಕತ್ತಿ ತಗುಲಿದೆಡೆಯಲ್ಲೆಲ್ಲ ಗಾಯ ಮಾಗಿ ಗಂಟಾಗುತ್ತದೆ. ಗಂಟನ್ನು ಬಳಸಿಕೊಂಡು ಕಾಂಡವು ಡೊಂಕಾಗುತ್ತದೆ. ಹೀಗೆ ತೋಟದ ಆಳುಗಳು ತಲೆಮಾರಿನುದ್ದಕ್ಕೂ ಮಾಡಿದ ದುಡಿಮೆಯೇ ಆ ಮರದ ಮೈಮೇಲೆ ಶಿಲ್ಪವಾಗಿ ಉಳಿಯುತ್ತದೆ.

ಕಿತ್ತ ಬೊಡ್ಡೆಗಳೆಲ್ಲವೂ ಮನೆಗೆ ಯೋಗ್ಯವೆಂದು ಮಾತ್ರ ಭಾವಿಸಬಾರದು. 1925ರಲ್ಲಿ ಮೈಸೂರು ಸರ್ಕಾರವು ಬಾಳೆಹೊನ್ನೂರಿನ ಸಮೀಪದಲ್ಲಿ ಸ್ಥಾಪಿಸಿದ, ಇಂದು ಕೇಂದ್ರೀಯ ಕಾಫಿ ಸಂಶೋಧನಾ ಸಂಸ್ಥೆಯೆನಿಸಿರುವ ಕೇಂದ್ರದ ತಜ್ಞರು ಬೋಧಿಸುತ್ತ ಬಂದಿರುವಂತೆ, ಬಿಳಿ ಕಾಂಡಕೊರಕ ಹುಳ ಹೊಕ್ಕ ಗಿಡವನ್ನು, ಅದರ ದುಂಬಿಗಳು ಹೊರಬೀಳುವ ಏಪ್ರಿಲ್–ಮೇ ಮತ್ತು ಅಕ್ಟೋಬರ್–ಡಿಸೆಂಬರ್ ತಿಂಗಳುಗಳಿಗೆ ಮುನ್ನವೇ ಬೇರುಸಹಿತ ಕಿತ್ತು ಸುಡತಕ್ಕದ್ದು. ತೊಗಟೆಯ ಮೇಲೆ ಆ ಹುಳದ ಗುರುತಾದ ಉಬ್ಬುಗೆರೆಗಳು ಕಂಡ ಬೊಡ್ಡೆ ಎಷ್ಟೇ ಚೆಲುವಾಗಿದ್ದರೂ ಅದರ ಸ್ಥಾನ ಬೆಂಕಿಯೇ. ಮರುನಾಟಿಗೆಂದು ಕಿತ್ತ, ಹುಳ ಮುಟ್ಟದ ಮುದಿಗಿಡವನ್ನೇ ಆರಿಸಿಕೊಳ್ಳಬೇಕು.

ಮೂಡಿಗೆರೆಯ ಸಮೀಪದ ಮನೆಯೊಂದರಲ್ಲಿ ಈ ಕೆಲಸವನ್ನು ಹತ್ತಿರದಿಂದ ನೋಡುವ ಭಾಗ್ಯ ನನಗೊದಗಿತ್ತು. ಬೇರಿನ ಸಂದಿಯ ಮಣ್ಣನ್ನು ತೊಳೆದು, ಹಸಿಯಿರುವಾಗಲೇ ಮೊಂಡುಗತ್ತಿಯಿಂದ ತೊಗಟೆ ಸುಲಿದು, ಅಡಿಗೆಮನೆಯ ಮೇಲಣ ಅಟ್ಟದಲ್ಲಿ ಒಂದು ಮಳೆಗಾಲ ಹೊಗೆಯುಣ್ಣಲು ಬಿಟ್ಟಿದ್ದ ಬೊಡ್ಡೆ ಅದು. ಬಿಸಿಲಿಗಿಟ್ಟು ಅವಸರದಲ್ಲಿ ಒಣಗಿಸಿದರೆ ಸೀಳು ಬಿಡುತ್ತದೆಂದು ಮನೆಯ ಹಿರಿಯರು ಹೇಳಿದರು. ಬಳಿಕ ಅವರು ಸಮವಾದ ಕಲ್ಲುಚಪ್ಪಡಿಗೆ ಇದ್ದಿಲನ್ನು ತಿಕ್ಕಿ, ಅದರ ಮೇಲೆ ಬೊಡ್ಡೆಯನ್ನು ಬೇರು ಕೆಳಗಾಗಿ ನಿಲ್ಲಿಸಿ ಮೆಲ್ಲನೆ ಅಲುಗಿಸಿದರು. ಮಸಿ ಹತ್ತಿದ ಬೇರೇ ಉದ್ದವಾದುದೆಂದು ತಿಳಿದು ಅಷ್ಟನ್ನೇ ಗರಗಸದಿಂದ ತೆಗೆದರು. ಎಲ್ಲ ಬೇರುಗಳಿಗೂ ಮಸಿ ಸಮನಾಗಿ ಹತ್ತುವವರೆಗೆ ಇದೇ ಕ್ರಮ. ಆಮೇಲೆ ಮರಳುಕಾಗದದಿಂದ ಉಜ್ಜಿ, ಎರಡು ಸಲ ವಾರ್ನಿಷ್ ಬಳಿದು, ಹಳೆಯ ಕಿಟಕಿಯಿಂದ ಬಿಚ್ಚಿದ ಗಾಜನ್ನು ಮೇಲಿಟ್ಟರು. ಖರ್ಚಾದುದು ವಾರ್ನಿಷ್ ಮತ್ತು ಮರಳುಕಾಗದಕ್ಕೆ ಮಾತ್ರ.

ಬೊಡ್ಡೆಯಲ್ಲಿ ತೊಡಗಿದ ಈ ದೃಷ್ಟಿ ಅಲ್ಲಿಗೇ ನಿಲ್ಲುವುದಿಲ್ಲ. ಐವತ್ತು ಕಿಲೋ ಚೆರಿ, ಎಂದರೆ ಒಣಗಿಸಿದ ಕಾಫಿಹಣ್ಣು, ಹೊತ್ತು ಹರಿದ ಗೋಣಿಚೀಲವನ್ನು ಒಗೆದು, ಅಂಚಿಗೆ ಹಳೆಯ ಸೀರೆಯ ಪಟ್ಟಿ ಹೊಲಿದರೆ ಕಾಲೊರಸು. ಅಡಕೆಯ ಹಾಳೆಯನ್ನು ನೆನೆಸಿ ಮಡಿಸಿದರೆ ಹಣ್ಣಿನ ತಟ್ಟೆ. ಸಸಿ ನೆಡುವ ಹೆಂಗಸರ ಬೆನ್ನನ್ನು ಮಳೆಯಿಂದ ಕಾಯುತ್ತಿದ್ದ ಗೊರಬು, ಪ್ಲಾಸ್ಟಿಕ್ ಹೊದಿಕೆ ಬಂದ ಮೇಲೆ ಗೋಡೆಯನ್ನೇರಿ ಅಲಂಕಾರವಾಗಿದೆ. ಮುಂಗಾರಿನ ಗಾಳಿಗೆ ಮುರಿದು ಬಿದ್ದ ಕೊಂಬೆಯಲ್ಲಿ ಸೀತಾಳೆದಂಡೆಯೆಂಬ ಆರ್ಕಿಡ್ ಸಿಕ್ಕಿತೆಂದರೆ ಅದನ್ನು ತೆಂಗಿನ ನಾರಿನೊಡನೆ ಇನ್ನೊಂದು ಬೊಡ್ಡೆಗೆ ಕಟ್ಟಿ ಅಂಗಳದ ಅಂಚಿನಲ್ಲಿ ನಿಲ್ಲಿಸುವುದುಂಟು. ನೆರೆಯ ಸಾಗರ ಸೀಮೆಯ ದೀವರ ಹೆಣ್ಣುಮಕ್ಕಳು ಅಕ್ಕಿಹಿಟ್ಟು, ಕೆಮ್ಮಣ್ಣುಗಳನ್ನೇ ಬಣ್ಣವಾಗಿಸಿ, ಪುಂಡಿನಾರನ್ನೇ ಕುಂಚವಾಗಿಸಿ ಗೋಡೆಯ ಮೇಲೆ ಹಸೆಚಿತ್ತಾರ ಬರೆದುದೂ ಇದೇ ಮಲೆನಾಡಿನ ಮನೋಧರ್ಮದಿಂದ.

ಮನೆಯ ಶೋಭೆಗೆ ಧನವೇ ಮೂಲವೆಂದು ನಂಬಿರುವ ಈ ಕಾಲದಲ್ಲಿ ಈ ಜಗಲಿಗಳು ನಮಗೆ ಕಲಿಸುವ ಪಾಠ ದೊಡ್ಡದು: ಯಾವ ವಸ್ತುವಿನೊಡನೆ ನಾವು ಬಾಳಿದೆವೋ ಅದು ಮುದಿಯಾದ ಮಾತ್ರಕ್ಕೆ ನಿರುಪಯುಕ್ತವಾಗದು. ಆದುದರಿಂದ ತೋಟವುಳ್ಳ ವಾಚಕರಲ್ಲಿ ನನ್ನದೊಂದು ವಿಜ್ಞಾಪನೆ. ಈ ಸಲ ಹಳೆಯ ಗಿಡಗಳನ್ನು ಕಿತ್ತು ಸೌದೆಯ ರಾಶಿಗೆ ಹಾಕುವ ಮುನ್ನ, ಹುಳ ಹತ್ತದ ಒಂದು ಬೊಡ್ಡೆಯನ್ನಾದರೂ ಆರಿಸಿ ಅಟ್ಟಕ್ಕೇರಿಸಿರಿ. ಮುಂದಿನ ಕೊಯ್ಲಿನ ವೇಳೆಗೆ ಅದು ಒಣಗಿ ನಿಮ್ಮ ಕೈಗಾಗಿ ಕಾದಿರುತ್ತದೆ.