ರಾಣಿ ಇರುವೆಯ ಏಕಾಂತವಾಸ: ಲಂಡನ್ನಿನಲ್ಲಿ ಒಂದು ಗೂಡಿನ ಆರಂಭ

ಜುಲೈ ಮತ್ತು ಆಗಸ್ಟ್ ತಿಂಗಳುಗಳಲ್ಲಿ, ಸೆಕೆ ಹೆಚ್ಚಿ ಗಾಳಿ ಅಡಗಿದ ಅಪರಾಹ್ನಗಳಂದು, ಲಂಡನ್ನಿನ ಕಾಲುದಾರಿಗಳ ಕಲ್ಲುಸಂದುಗಳಿಂದ ರೆಕ್ಕೆಯಿರುವೆಗಳು ಹಿಂಡುಹಿಂಡಾಗಿ ಹೊರಬೀಳುತ್ತವೆ. ಮುಂಗಾರಿನ ಮೊದಲ ಮಳೆಯ ಬಳಿಕ ನಮ್ಮ ಊರುಗಳಲ್ಲಿ ದೀಪಕ್ಕೆ ಮುತ್ತುವ ಹುಳುಗಳನ್ನು ಈ ದೃಶ್ಯ ನೆನಪಿಗೆ ತರುವುದು ಸಹಜ. ಆದರೆ ಅವು ಗೆದ್ದಲಿನ ಕುಲಕ್ಕೆ ಸೇರಿದವು. ಇವು ನಿಜವಾದ ಇರುವೆಗಳು. ಇವುಗಳಲ್ಲಿ ಹೆಚ್ಚಿನವು ‘ಲೇಸಿಯಸ್ ನೈಜರ್’ ಎಂಬ ಕಪ್ಪು ಇರುವೆಯ ಗಂಡುಗಳು ಮತ್ತು ರಾಣಿಗಳು. ಇದನ್ನು ‘ಹಾರುವ ಇರುವೆಗಳ ದಿನ’ ಎಂದು ಜನ ಕರೆಯುತ್ತಾರಾದರೂ, ರಾಯಲ್ ಸೊಸೈಟಿ ಆಫ್ ಬಯಾಲಜಿ 2012ರಿಂದ ಜನರ ನೆರವಿನಿಂದ ನಡೆಸಿದ ಸಮೀಕ್ಷೆಯು ಈ ಹಾರಾಟ ಒಂದೇ ದಿನದ್ದಲ್ಲವೆಂದೂ, ಅನುಕೂಲ ಹವೆಯನ್ನು ಅನುಸರಿಸಿ ಹಲವು ವಾರಗಳಲ್ಲಿ ಹರಡಿಕೊಂಡಿರುವುದೆಂದೂ ತೋರಿಸಿತು.

ಆಕಾಶದಲ್ಲಿ ಕೂಡಿದ ಬಳಿಕ ಗಂಡುಗಳು ಬೇಗನೆ ಸಾಯುತ್ತವೆ. ರಾಣಿ ನೆಲಕ್ಕಿಳಿದು, ತನ್ನ ರೆಕ್ಕೆಗಳನ್ನು ತಾನೇ ಕಳಚಿಹಾಕಿ, ಅಡಗುದಾಣವನ್ನು ಹುಡುಕುತ್ತದೆ. ಅದು ಮತ್ತೆಂದೂ ಕೂಡುವುದಿಲ್ಲ. ಆ ಒಂದು ದಿನ ಪಡೆದ ವೀರ್ಯವನ್ನು ಒಡಲಲ್ಲಿ ಕಾಪಿಟ್ಟುಕೊಂಡು ಬಾಳಿನುದ್ದಕ್ಕೂ ಮೊಟ್ಟೆಯಿಡುತ್ತದೆ. ಮಕ್ಕಳು ಅಂಗಳದಿಂದ ಹಿಡಿದು ತರುವುದು ಹೆಚ್ಚಾಗಿ ಇಂಥ ರಾಣಿಯನ್ನೇ.

ಸೇವಕ ಇರುವೆಗಳ ನೆರವಿಲ್ಲದೆ ಒಂಟಿ ರಾಣಿಯೊಂದು ಗೂಡನ್ನು ಸ್ಥಾಪಿಸಬಲ್ಲುದೇ? ಹತ್ತೊಂಬತ್ತನೆಯ ಶತಮಾನದಲ್ಲಿ ಇದು ವಿವಾದದ ಪ್ರಶ್ನೆಯಾಗಿತ್ತು. ಇದಕ್ಕೆ ಉತ್ತರ ದೊರೆತದ್ದು ಇಂದು ಬೃಹತ್ ಲಂಡನ್ನಿನ ಬ್ರಾಮ್ಲಿಗೆ ಸೇರಿರುವ ಹೈ ಎಲ್ಮ್ಸ್‌ನಲ್ಲಿ. ಅಲ್ಲಿ ವಾಸವಾಗಿದ್ದ ಜಾನ್ ಲಬಕ್ ವೃತ್ತಿಯಿಂದ ಬ್ಯಾಂಕರ್, ಪಾರ್ಲಿಮೆಂಟಿನ ಸದಸ್ಯ ಮತ್ತು ಚಾರ್ಲ್ಸ್ ಡಾರ್ವಿನ್ನನ ನೆರೆಯವ. 1876ರ ಆಗಸ್ಟ್‌ನಲ್ಲಿ ಆತ ‘ಮಿರ್ಮಿಕಾ ರೂಜಿನೋಡಿಸ್’ ಎಂಬ ಕೆಂಪಿರುವೆಯ ಎರಡು ಜೋಡಿಗಳನ್ನು ಹಾರಾಟದ ವೇಳೆ ಹಿಡಿದು, ತೇವದ ಮಣ್ಣು, ನೀರು, ಆಹಾರಗಳೊಡನೆ ಪ್ರತ್ಯೇಕವಾಗಿಟ್ಟ. ಚಳಿಗಾಲ ಕಳೆಯಿತು, ವಸಂತದಲ್ಲಿ ಗಂಡುಗಳು ಸತ್ತವು. ಏಪ್ರಿಲ್‌ನಲ್ಲಿ ಮೊದಲ ಮೊಟ್ಟೆಗಳು ಕಂಡವು. ಜುಲೈನಲ್ಲಿ ಮೊದಲ ಸೇವಕ ಇರುವೆ ಹೊರಬಂದಿತು. ಕನಿಷ್ಠ ಈ ಜಾತಿಯ ರಾಣಿಗೆ ಮರಿಗಳನ್ನು ಸಾಕುವ ಸಾಮರ್ಥ್ಯವಿದೆಯೆಂಬುದು ಹೀಗೆ ಸಿದ್ಧವಾಯಿತು.

ಕಪ್ಪು ಇರುವೆಯ ರಾಣಿ ಇನ್ನೂ ಒಂದು ಹೆಜ್ಜೆ ಮುಂದೆ ಹೋಗುತ್ತದೆ: ಅದಕ್ಕೆ ಈ ಅವಧಿಯಲ್ಲಿ ಆಹಾರವೇ ಬೇಡ. ಹಾರಲು ನೆರವಾಗಿದ್ದ ರೆಕ್ಕೆಯ ಸ್ನಾಯುಗಳು ಈಗ ಕರಗಿ, ದೇಹದಲ್ಲಿ ಕೂಡಿಟ್ಟ ಕೊಬ್ಬಿನೊಡನೆ ಸೇರಿ, ಅದಕ್ಕೂ ಮರಿಹುಳುಗಳಿಗೂ ಪೋಷಣೆಯಾಗುತ್ತವೆ. ಆದರೆ ಈ ಬುತ್ತಿ ಮಿತವಾದುದು. ಬೆಳಕಿನಿಂದಲೋ ಅಲುಗಾಟದಿಂದಲೋ ಪದೇಪದೇ ಬೆದರಿದ ರಾಣಿ ತನ್ನ ಮೊಟ್ಟೆಗಳನ್ನೇ ತಿಂದುಬಿಡಬಹುದು. ಆದುದರಿಂದ ರಾಣಿಯನ್ನು ಸಾಕುವುದೆಂದರೆ ಬಹುಮಟ್ಟಿಗೆ ಅದರ ಏಕಾಂತವನ್ನು ಕಾಯುವುದು.

ಇದಕ್ಕೆ ಬೇಕಾದ ಏರ್ಪಾಡು ಸರಳವಾದುದು. ಪ್ರಯೋಗಶಾಲೆಯ ಗಾಜಿನ ನಳಿಕೆಯೊಂದರಲ್ಲಿ ಮೂರನೆಯ ಒಂದು ಭಾಗದಷ್ಟು ನೀರು ತುಂಬಿ, ಆ ನೀರಿಗೆ ತಾಗುವಂತೆ ಹತ್ತಿಯನ್ನು ಬಿಗಿಯಾಗಿ ತುರುಕಬೇಕು. ಹತ್ತಿ ಒದ್ದೆಯಾಗಿರಬೇಕು, ನೀರು ಮಾತ್ರ ಈಚೆ ಸೋರಬಾರದು. ಉಳಿದ ಜಾಗದಲ್ಲಿ ರಾಣಿಯನ್ನು ಬಿಟ್ಟು, ಗಾಳಿಯಾಡುವಂತೆ ಬಾಯಿಗೆ ಒಣ ಹತ್ತಿಯನ್ನಿಟ್ಟರೆ ಸಾಕು. ನಳಿಕೆಯನ್ನು ಬಿಸಿಲು ತಾಗದ, ಬಾಗಿಲು ಬಡಿಯುವ ಅದುರು ತಟ್ಟದ ಕತ್ತಲ ಕಪಾಟಿನಲ್ಲಿ ಮಲಗಿಸಿಡಬೇಕು. ವಾರಕ್ಕೊಮ್ಮೆ ಕ್ಷಣಕಾಲ ನೋಡಿದರೆ ಸಾಲದೆ? ನೋಡುವಾಗ ಕೆಂಪು ಹಾಳೆಯ ಮರೆಯಿರುವುದು ಒಳ್ಳೆಯದು. ಇದರ ಹಿಂದೆಯೂ ಲಬಕ್ಕನ ಶೋಧವಿದೆ. ಗೂಡಿನ ಮೇಲೆ ಬಣ್ಣಬಣ್ಣದ ಗಾಜುಗಳನ್ನಿಟ್ಟು ನೋಡಿದಾಗ, ಇರುವೆಗಳು ನೇರಳೆ ಬೆಳಕಿನಿಂದ ದೂರ ಸರಿದು ಕೆಂಪು ಗಾಜಿನಡಿ ಕತ್ತಲಲ್ಲೆಂಬಂತೆ ಕೂಡುವುದನ್ನು ಆತ ಕಂಡಿದ್ದ.

ಕೋಣೆ ಬೆಚ್ಚಗಿದ್ದರೆ ಆರರಿಂದ ಎಂಟು ವಾರಗಳಲ್ಲಿ ಮೊದಲ ಸೇವಕ ಇರುವೆಗಳು ಹೊರಬರುತ್ತವೆ. ಅರೆಹೊಟ್ಟೆಯಲ್ಲಿ ಬೆಳೆದುದರಿಂದ ಅವುಗಳ ಗಾತ್ರ ಚಿಕ್ಕದು. ಆಗ ಜೇನು ಬೆರೆಸಿದ ನೀರಿನ ಒಂದು ಸಣ್ಣ ಹನಿಯನ್ನೂ, ಸತ್ತ ಹಣ್ಣುನೊಣದಂಥ ಹುಳುವನ್ನೂ ಕೊಡಬೇಕು. ಹನಿ ದೊಡ್ಡದಾದರೆ ಅವು ಅದರಲ್ಲೇ ಮುಳುಗಿ ಸಾಯುತ್ತವೆ. ಚಳಿಗಾಲ ಬಂದಾಗ ಬೆಚ್ಚನೆಯ ಮನೆಯೊಳಗೇ ಉಳಿಸಿಕೊಳ್ಳುವುದು ಉಪಕಾರವಲ್ಲ. ಈ ನಾಡಿನ ಇರುವೆಗೆ ನವೆಂಬರ್‌ನಿಂದ ಫೆಬ್ರವರಿಯವರೆಗೆ ಶೀತನಿದ್ರೆ ಬೇಕು; ನೀರು ಹೆಪ್ಪುಗಟ್ಟದ ತಣ್ಣನೆಯ ಶೆಡ್ಡು ಅದಕ್ಕೆ ತಕ್ಕ ಸ್ಥಳ. ಶರತ್ಕಾಲದೊಳಗೆ ಮರಿಗಳು ಬಲಿಯದಿದ್ದರೆ ನಿರಾಶೆ ಬೇಡ. ಅವು ಮರಿಹುಳುಗಳಾಗಿಯೇ ಚಳಿಗಾಲವನ್ನು ಕಳೆದು ವಸಂತದಲ್ಲಿ ಬೆಳವಣಿಗೆಯನ್ನು ಮುಂದುವರಿಸುತ್ತವೆ.

ಎಲ್ಲ ರಾಣಿಗಳಿಗೂ ಇದೇ ಕ್ರಮ ಸಲ್ಲದು. ಮಿರ್ಮಿಕಾ ರಾಣಿಗೆ ಆರಂಭದಿಂದಲೇ ಆಹಾರ ಬೇಕು. ‘ಲೇಸಿಯಸ್ ಅಂಬ್ರೇಟಸ್’ ಎಂಬುದರ ರಾಣಿಯಾದರೋ, ಗೆದ್ದಲು ಕಟ್ಟಿದ ಹುತ್ತವನ್ನು ಹಾವು ಹೊಕ್ಕಂತೆ, ಬೇರೆ ಜಾತಿಯ ಗೂಡನ್ನು ಹೊಕ್ಕು ಅಲ್ಲಿನ ಸೇವಕರಿಂದಲೇ ತನ್ನ ಮರಿಗಳನ್ನು ಸಾಕಿಸಿಕೊಳ್ಳುತ್ತದೆ. ನಳಿಕೆಯಲ್ಲಿ ಒಂಟಿಯಾಗಿಟ್ಟರೆ ಅದು ಗೂಡನ್ನು ಕಟ್ಟಲಾರದು. ಆದುದರಿಂದ ಜಾತಿಯನ್ನು ಗುರುತಿಸುವುದೇ ಮೊದಲ ಕೆಲಸ. ಬೇಡವಾದ ಸ್ಥಳೀಯ ರಾಣಿಯನ್ನು ಹಿಡಿದ ಜಾಗದಲ್ಲೇ ಆ ದಿನವೇ ಬಿಟ್ಟುಬಿಡಬಹುದು. ಪರದೇಶದಿಂದ ತರಿಸಿದ ಇರುವೆಗಳನ್ನು ಮಾತ್ರ ಎಂದಿಗೂ ತೋಟಕ್ಕೆ ಬಿಡಲಾಗದು.

ಇನ್ನೊಂದನ್ನು ಮೊದಲೇ ಯೋಚಿಸಬೇಕು. ರಾಣಿ ಇರುವೆ ಒಂದು ಬೇಸಗೆಯ ಆಟಿಕೆಯಲ್ಲ. ಸಾಕಿದ ಕಪ್ಪು ಇರುವೆಯ ರಾಣಿಯೊಂದು 28 ವರ್ಷಕ್ಕೂ ಹೆಚ್ಚು ಬದುಕಿದ ದಾಖಲೆ ಜರ್ಮನಿಯಲ್ಲಿದೆ. ಲಬಕ್ 1874ರ ಡಿಸೆಂಬರ್‌ನಲ್ಲಿ ತಂದ ‘ಫಾರ್ಮಿಕಾ ಫಸ್ಕಾ’ ರಾಣಿಗಳಲ್ಲಿ ಒಂದು 1887ರವರೆಗೂ ಮತ್ತೊಂದು 1888ರ ಆಗಸ್ಟ್‌ವರೆಗೂ ಜೀವಿಸಿದ್ದವು. ಆ ನಡುವೆ ಆತ ಇರುವೆ, ಜೇನುನೊಣ, ಕಣಜಗಳನ್ನು ಕುರಿತ ತನ್ನ ಗ್ರಂಥವನ್ನು 1882ರಲ್ಲಿ ಪ್ರಕಟಿಸಿದ. ರಾಣಿಗಳು ಅದರ ಅನಂತರವೂ ವರ್ಷಗಟ್ಟಲೆ ಆತನ ಆರೈಕೆಯಲ್ಲಿದ್ದವು. ಇಂದು ನಳಿಕೆಯಲ್ಲಿ ರಾಣಿಯನ್ನಿರಿಸುವ ಹತ್ತು ವರ್ಷದ ಮಗು ವಿಶ್ವವಿದ್ಯಾಲಯವನ್ನು ಮುಗಿಸಿ ಮನೆಗೆ ಮರಳಿದಾಗಲೂ ಆ ರಾಣಿ ಮೊಟ್ಟೆಯಿಡುತ್ತಿರಬಹುದು. ಅಷ್ಟು ಕಾಲದ ಹೊಣೆಯನ್ನು ಹೊರಲು ಮನೆಯವರು ಸಿದ್ಧರಿದ್ದರೆ ಮಾತ್ರ ಅದನ್ನು ನೆಲದಿಂದೆತ್ತುವುದು ಉಚಿತ.