ಸಿಮೆಂಟ್ ನೆಲ, ಎಣ್ಣೆ ಕಲೆ, ಮರದ ಹೊಟ್ಟು: ಕೆಲವು ನಂಬಿಕೆಗಳ ಪರಿಶೀಲನೆ

ಹಿತ್ತಿಲಿನ ಶೆಡ್ಡಾಗಲಿ, ಬೈಕು ಕಾರು ನಿಲ್ಲಿಸುವ ಪೋರ್ಟಿಕೊ ಆಗಲಿ, ಬಡಗಿ ಕೆಲಸಕ್ಕೆಂದು ಬಿಟ್ಟುಕೊಂಡ ಕೋಣೆಯಾಗಲಿ, ಅಲ್ಲಿನ ನೆಲವನ್ನು ಚೊಕ್ಕಟವಾಗಿಡುವ ವಿಷಯದಲ್ಲಿ ರೂಢಿಯಲ್ಲಿರುವ ತಪ್ಪು ಕಲ್ಪನೆಗಳಲ್ಲಿ ಹೆಚ್ಚಿನವು ಒಂದೇ ಬೇರಿನಿಂದ ಹುಟ್ಟಿವೆ. ಗಾರೆ ಮಾಡಿ ನುಣುಪಾಗಿ ತಿಕ್ಕಿದ ಸಿಮೆಂಟ್ ನೆಲವು ಸ್ಟೀಲ್ ತಟ್ಟೆಯಂತೆ ಬರಿಯ ಮೇಲ್ಮೈ, ಅದರ ಮೇಲೆ ಬಿದ್ದದ್ದು ಮೇಲೆಯೇ ಉಳಿಯುತ್ತದೆ ಎಂಬ ಊಹೆಯೇ ಆ ಬೇರು. ಸಿಮೆಂಟು ನೀರಿನೊಡನೆ ರಾಸಾಯನಿಕವಾಗಿ ಕೂಡಿ ಗಟ್ಟಿಯಾಗುವುದಕ್ಕೆ ಅದರ ತೂಕದ ಸುಮಾರು ಕಾಲು ಪಾಲು ನೀರು ಸಾಕಾದರೂ, ಕಲಸಿ ಹರಡಲು ಅನುಕೂಲವಾಗಲೆಂದು ಅರ್ಧ ಪಾಲಿನಷ್ಟು, ಕೆಲವೊಮ್ಮೆ ಅದಕ್ಕೂ ಹೆಚ್ಚು ನೀರು ಸೇರಿಸಲಾಗುತ್ತದೆ. ಕೂಡದೆ ಉಳಿದ ಈ ನೀರು ಕ್ರಮೇಣ ಆವಿಯಾಗಿ ಹೊರಟುಹೋದಾಗ, ಅದು ತುಂಬಿಕೊಂಡಿದ್ದ ಜಾಗಗಳು ಕೂದಲೆಳೆಗಿಂತ ಬಹಳ ತೆಳುವಾದ, ಒಂದರೊಳಗೊಂದು ಹೆಣೆದುಕೊಂಡ ನಾಳಗಳಾಗಿ ಉಳಿಯುತ್ತವೆ. ಲೋಮನಾಳಗಳೆಂದು ಕರೆಯಲಾಗುವ ಇಂತಹ ಸೂಕ್ಷ್ಮ ದಾರಿಗಳು ದ್ರವವನ್ನು ತಾವಾಗಿಯೇ ಎಳೆದುಕೊಳ್ಳುತ್ತವೆ. ಹಣತೆಯ ಬತ್ತಿ ಎಣ್ಣೆಯನ್ನು ಮೇಲಕ್ಕೆ ಸೆಳೆಯುವುದು ಯಾವ ಬಲದಿಂದಲೋ, ಬೈಕಿನ ಇಂಜಿನ್ ಆಯಿಲನ್ನು ನೆಲ ಒಳಕ್ಕೆ ಕುಡಿಯುವುದೂ ಅದೇ ಬಲದಿಂದ.

ಈ ಬತ್ತಿಯ ಚಿತ್ರವನ್ನು ಮನಸ್ಸಿನಲ್ಲಿಟ್ಟುಕೊಂಡರೆ, ಎಣ್ಣೆ ಕಲೆಗೆ ಸೀಮೆಎಣ್ಣೆ ಅಥವಾ ಪೆಟ್ರೋಲ್ ಸುರಿದು ಉಜ್ಜಬೇಕೆಂಬ ಸಲಹೆಯ ದೋಷ ತಾನಾಗಿಯೇ ಕಾಣುತ್ತದೆ. ಮೆಕ್ಯಾನಿಕ್‌ಗಳು ಚೈನು, ಬೋಲ್ಟು, ಬೇರಿಂಗುಗಳ ಜಿಡ್ಡನ್ನು ಸೀಮೆಎಣ್ಣೆಯಲ್ಲಿ ಅದ್ದಿ ತೆಗೆಯುವುದು ಸರಿಯಾದ ಕ್ರಮವೇ, ಏಕೆಂದರೆ ಲೋಹಕ್ಕೆ ರಂಧ್ರಗಳಿಲ್ಲ, ಕರಗಿದ ಜಿಡ್ಡು ಹೊರಗೆ ಹರಿದುಹೋಗಲೇಬೇಕು. ಸಿಮೆಂಟ್ ನೆಲದ ಮೇಲಾದರೋ ಸೀಮೆಎಣ್ಣೆ ಮಾಡುವುದು ದಪ್ಪನೆಯ ಆಯಿಲನ್ನು ತೆಳುಗೊಳಿಸುವುದನ್ನು ಮಾತ್ರ. ತೆಳುವಾದ ಎಣ್ಣೆ ಇನ್ನಷ್ಟು ಆಳಕ್ಕೂ ಅಗಲಕ್ಕೂ ಹರಡಿ, ಸೀಮೆಎಣ್ಣೆ ಆರಿದ ಮೇಲೆ ಮೊದಲಿಗಿಂತ ಮಸುಕಾದ ಆದರೆ ಮೊದಲಿಗಿಂತ ದೊಡ್ಡದಾದ ಕಲೆಯಾಗಿ ನಿಲ್ಲುತ್ತದೆ. ಬಣ್ಣ ಮಸುಕಾದದ್ದನ್ನು ಕಂಡು ಕಲೆ ಹೋಯಿತೆಂದು ಭಾವಿಸಲಾಗುತ್ತದೆ. ಬೆಂಕಿಯ ಅಪಾಯ ಬೇರೆ. ದ್ರವದ ಆವಿಗೆ ಕಿಡಿ ತಗುಲಿದರೆ ಹೊತ್ತಿಕೊಳ್ಳುವ ಕನಿಷ್ಠ ಉಷ್ಣತೆಯನ್ನು ಜ್ವಲನ ಬಿಂದು ಎನ್ನುತ್ತಾರೆ. ಪೆಟ್ರೋಲಿನ ವಿಷಯದಲ್ಲಿ ಅದು ಸೊನ್ನೆಗಿಂತ ಸುಮಾರು 40 ಡಿಗ್ರಿ ಸೆಲ್ಸಿಯಸ್ ಕೆಳಗಿದೆ, ಅದರ ಆವಿ ಗಾಳಿಗಿಂತ ಮೂರು ನಾಲ್ಕು ಪಟ್ಟು ಭಾರವಾದುದರಿಂದ ನೆಲಕ್ಕಂಟಿ ತೆವಳಿ ದೂರದ ಒಲೆಯನ್ನೋ ಮೋಟಾರಿನ ಕಿಡಿಯನ್ನೋ ಮುಟ್ಟಬಲ್ಲದು. ಸೀಮೆಎಣ್ಣೆಗೆ ಭಾರತೀಯ ಮಾನಕ ವಿಧಿಸಿರುವ ಕನಿಷ್ಠ ಜ್ವಲನ ಬಿಂದು 35 ಡಿಗ್ರಿ. ರಾಯಚೂರು, ಕಲಬುರಗಿಗಳ ಬೇಸಿಗೆಯಲ್ಲಿ ತಗಡಿನ ಶೆಡ್ಡಿನೊಳಗಿನ ಸೆಕೆ ಆ ಮಟ್ಟವನ್ನು ಸುಲಭವಾಗಿ ದಾಟುತ್ತದೆ.

ಒಳಗಿಳಿದ ಎಣ್ಣೆಯನ್ನು ಹೊರತರುವ ಉಪಾಯವೆಂದರೆ ನೆಲಕ್ಕಿಂತ ಬಲವಾಗಿ ಹೀರುವ ಇನ್ನೊಂದು ಬತ್ತಿಯನ್ನು ಅದರ ಮೇಲೆ ಇಡುವುದು. ಮುಖಕ್ಕೆ ಹಚ್ಚಲು ಕೊಳ್ಳುವ ಮುಲ್ತಾನಿ ಮಿಟ್ಟಿ ಇದಕ್ಕೆ ಹೇಳಿಮಾಡಿಸಿದಂತಿದೆ. ಈ ಜಾತಿಯ ಜೇಡಿಗೆ ಇಂಗ್ಲಿಷಿನಲ್ಲಿ ಬಂದಿರುವ ಫುಲ್ಲರ್ಸ್ ಅರ್ತ್ ಎಂಬ ಹೆಸರೇ, ಉಣ್ಣೆಯ ಜಿಡ್ಡನ್ನು ತೆಗೆಯಲು ಅದನ್ನು ಬಳಸುತ್ತಿದ್ದ ಕಸುಬಿನವರಿಂದ ಬಂದದ್ದು. ಹಸಿ ಎಣ್ಣೆಯ ಮೇಲೆ ಒಣ ಪುಡಿಯನ್ನು ಧಾರಾಳವಾಗಿ ಹರಡಿ, ಕಾಲಿನಿಂದ ಅದುಮಿ, ಒಂದು ರಾತ್ರಿ ಬಿಟ್ಟು ಗುಡಿಸಿದರೆ ಬಹುಪಾಲು ಹೀರಿಕೊಂಡಿರುತ್ತದೆ. ಹಳೆಯ ಕಲೆಗಾದರೆ ಅದೇ ಪುಡಿಯನ್ನು ಡಿಟರ್ಜೆಂಟ್ ನೀರಿನಲ್ಲಿ ದೋಸೆ ಹಿಟ್ಟಿಗಿಂತ ಗಟ್ಟಿಯಾಗಿ ಕಲಸಿ ಬಳಿದು, ಮೊದಲು ಪ್ಲಾಸ್ಟಿಕ್ ಹಾಳೆ ಮುಚ್ಚಿ ನೆನೆಯಲು ಬಿಟ್ಟು, ಬಳಿಕ ಹಾಳೆ ತೆಗೆದು ಒಣಗಲು ಬಿಡಬೇಕು. ಒಣಗುವಾಗ ನೀರಿನೊಡನೆ ಎಣ್ಣೆಯೂ ಪುಡಿಯೊಳಕ್ಕೆ ಏರುತ್ತದೆ. ಎರಡು ಮೂರು ಸಲ ಮಾಡಿದ ಮೇಲೂ ವರ್ಷಗಳ ಹಳೆಯ ಕಲೆಯ ಛಾಯೆ ಉಳಿಯಬಹುದು. ಪೂರ್ತಿ ಮಾಯವಾಗುತ್ತದೆಂಬ ಜಾಹೀರಾತನ್ನು ನಂಬಬೇಕಾಗಿಲ್ಲ.

ಅಡುಗೆಮನೆಯ ಅನುಭವವನ್ನು ಶೆಡ್ಡಿಗೆ ಒಯ್ಯುವುದರಿಂದ ಹುಟ್ಟಿದ ತಪ್ಪೊಂದಿದೆ. ಒಲೆಯ ಬೂದಿಯಾಗಲಿ ವಾಷಿಂಗ್ ಸೋಡಾ ಆಗಲಿ ಪಾತ್ರೆಯ ಜಿಡ್ಡನ್ನು ತೆಗೆಯುವುದು ನಿಜ, ಏಕೆಂದರೆ ಕಡಲೆ ಎಣ್ಣೆ, ಕೊಬ್ಬರಿ ಎಣ್ಣೆಗಳು ಕ್ಷಾರದೊಡನೆ ಸೇರಿ ಭಾಗಶಃ ಸಾಬೂನಾಗುತ್ತವೆ. ಇಂಜಿನ್ ಆಯಿಲ್ ಸಾಮಾನ್ಯವಾಗಿ ಕಚ್ಚಾ ತೈಲದಿಂದ ಬಂದ ಹೈಡ್ರೋಕಾರ್ಬನ್. ಅದಕ್ಕೆ ಎಷ್ಟು ಸೋಡಾ ಹಾಕಿದರೂ ಸಾಬೂನಾಗದು. ಅಲ್ಲಿ ಬೇಕಾದದ್ದು ಒಂದು ತುದಿಯಿಂದ ಎಣ್ಣೆಯನ್ನೂ ಇನ್ನೊಂದು ತುದಿಯಿಂದ ನೀರನ್ನೂ ಹಿಡಿಯುವ ಅಣುಗಳು, ಅಂದರೆ ಡಿಟರ್ಜೆಂಟು. ಎಣ್ಣೆಸ್ನಾನದ ಸೀಗೆಪುಡಿಯೂ ಅಂಟುವಾಳವೂ ತಮ್ಮಲ್ಲಿರುವ ಸ್ಯಾಪೊನಿನ್ ಎಂಬ ವಸ್ತುವಿನಿಂದ ಮಾಡುವುದು ಇದೇ ಕೆಲಸವಾದುದರಿಂದ, ಈ ವಿಷಯದಲ್ಲಿ ಅಜ್ಜಿಯರ ಸೀಗೆಪುಡಿ ಸೋಡಾಕ್ಕಿಂತ ಹತ್ತಿರದ ದಾರಿಯಾಗಿತ್ತು.

ಎಲ್ಲಕ್ಕಿಂತ ಹೆಚ್ಚು ಹಾನಿ ಮಾಡಿರುವ ನಂಬಿಕೆ ಆಸಿಡ್‌ನದು. ಬಚ್ಚಲು ತೊಳೆಯಲೆಂದು ಅಂಗಡಿಗಳಲ್ಲಿ ಆ ಹೆಸರಿನಲ್ಲೇ ಮಾರಾಟವಾಗುವ ದ್ರಾವಣ ಸಾಮಾನ್ಯವಾಗಿ ದುರ್ಬಲಗೊಳಿಸಿದ ಹೈಡ್ರೋಕ್ಲೋರಿಕ್ ಆಮ್ಲವಾಗಿದ್ದು, ಅದನ್ನು ಸಿಮೆಂಟ್ ನೆಲದ ಮೇಲೆ ಸುರಿದಾಗ ಬುಸುಬುಸನೆ ಏಳುವ ನೊರೆಯನ್ನು ಕಂಡವರು ಕೊಳೆ ಕುದಿದು ಹೊರಬರುತ್ತಿದೆಯೆಂದು ತಿಳಿಯುತ್ತಾರೆ. ಆ ನೊರೆ ಇಂಗಾಲದ ಡೈಆಕ್ಸೈಡ್. ಗಟ್ಟಿಯಾದ ಸಿಮೆಂಟಿನಲ್ಲಿರುವ ಸುಣ್ಣದ ಅಂಶ ಗಾಳಿಯ ಸಂಪರ್ಕದಿಂದ ಕ್ಯಾಲ್ಸಿಯಂ ಕಾರ್ಬೊನೇಟ್ ಆಗಿ ಮೇಲ್ಪದರದಲ್ಲಿ ನೆಲೆಸಿರುತ್ತದೆ, ಆಮ್ಲ ಅದನ್ನು ಕರಗಿಸುವಾಗ ಆ ಅನಿಲ ಹೊರಬರುತ್ತದೆ. ಕುದಿಯುತ್ತಿರುವುದು ನೆಲವೇ. ಎಣ್ಣೆಯಂತೂ ಆಮ್ಲಕ್ಕೆ ಜಗ್ಗುವುದಿಲ್ಲ. ಎಣ್ಣೆ ಕುಡಿದ ಜಾಗಕ್ಕೆ ಆಮ್ಲ ಸರಿಯಾಗಿ ತಾಗದೆ ಸುತ್ತಲಿನ ನೆಲ ಮಾತ್ರ ಸವೆಯುವುದರಿಂದ, ಕಲೆ ಮೊದಲಿಗಿಂತ ಎದ್ದು ಕಾಣುವುದೂ ಉಂಟು. ಸವೆದ ನೆಲ ಒರಟಾಗಿ, ರಂಧ್ರಗಳು ಬಾಯ್ದೆರೆದು, ಮುಂದಿನ ಸಲ ಚೆಲ್ಲಿದ ಎಣ್ಣೆಯನ್ನು ಇನ್ನೂ ಬೇಗ ಕುಡಿಯುತ್ತದೆ. ಕಲಬುರಗಿ ಜಿಲ್ಲೆಯ ಶಹಾಬಾದ್ ಕಲ್ಲು ಹಾಗೂ ಆಂಧ್ರದ ಕಡಪ ಕಲ್ಲುಗಳನ್ನು ಹಾಸಿದ ನೆಲಗಳಿಗೆ ಈ ಮಾತು ಹೆಚ್ಚು ಅನ್ವಯಿಸುತ್ತದೆ, ಏಕೆಂದರೆ ಇವೆರಡೂ ಸುಣ್ಣಕಲ್ಲುಗಳು, ಅಂದರೆ ಮುಖ್ಯವಾಗಿ ಕ್ಯಾಲ್ಸಿಯಂ ಕಾರ್ಬೊನೇಟ್. ಗ್ರಾನೈಟ್ ತಡೆದುಕೊಂಡರೂ ಕಲ್ಲುಗಳ ನಡುವಿನ ಸಿಮೆಂಟ್ ಸಂದುಗಳು ತಡೆಯುವುದಿಲ್ಲ. ಮುಚ್ಚಿದ ಶೆಡ್ಡಿನಲ್ಲಿ ಆಮ್ಲದ ಆವಿ ಗೋಡೆಗೆ ನೇತುಹಾಕಿದ ಗರಗಸ, ಉಳಿ, ಸ್ಪ್ಯಾನರುಗಳಿಗೆ ತುಕ್ಕು ಹಿಡಿಸುತ್ತದೆ ಎಂಬುದನ್ನು ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಆಸಿಡ್ ಸಾಲದೆಂದು ಅದರ ಮೇಲೆ ಬ್ಲೀಚಿಂಗ್ ಪೌಡರ್ ಎರಚುವುದಂತೂ ಪ್ರಾಣಾಂತಿಕ: ಎರಡೂ ಕೂಡಿದಾಗ ಕ್ಲೋರಿನ್ ಅನಿಲ ಹುಟ್ಟುತ್ತದೆ, 1915ರ ಏಪ್ರಿಲ್ 22ರಂದು ಬೆಲ್ಜಿಯಂನ ಈಪ್ರ್ ಬಳಿ ಜರ್ಮನ್ ಸೇನೆ ಕಂದಕಗಳತ್ತ ಹರಿಯಬಿಟ್ಟದ್ದು ಇದೇ ಅನಿಲವನ್ನು.

ಎಷ್ಟು ಗುಡಿಸಿದರೂ ಬೂದು ಪುಡಿ ಮತ್ತೆ ಮತ್ತೆ ಕಾಣಿಸಿಕೊಳ್ಳುವ ನೆಲಗಳಿವೆ. ಗುಡಿಸುವವರ ಸೋಮಾರಿತನವೆಂದೋ ರಸ್ತೆಯ ಧೂಳೆಂದೋ ಇದನ್ನು ವಿವರಿಸುವುದುಂಟಾದರೂ, ಅನೇಕ ವೇಳೆ ಆ ಪುಡಿ ನೆಲದಿಂದಲೇ ಏಳುತ್ತಿರುತ್ತದೆ. ಹೆಚ್ಚು ನೀರು ಹಾಕಿ ಕಲಸಿದಾಗಲೋ, ನೀರು ಮೇಲೆ ನಿಂತಿರುವಾಗಲೇ ಕರಣೆಯಿಂದ ತಿಕ್ಕಿದಾಗಲೋ ಮೇಲಕ್ಕೆ ಬರುವ ಸಿಮೆಂಟ್ ಹಾಲು ಶಕ್ತಿಯಿಲ್ಲದ ತೆಳುಪದರವಾಗಿ ಗಟ್ಟಿಯಾಗುತ್ತದೆ. ಕ್ಯೂರಿಂಗ್, ಅಂದರೆ ಹಸಿ ಕಾಂಕ್ರೀಟನ್ನು ಒದ್ದೆಯಾಗಿ ಇಡುವ ಕೆಲಸವನ್ನು ಎರಡು ಮೂರು ದಿನಕ್ಕೇ ನಿಲ್ಲಿಸಿದರೆ ಆ ಪದರ ಇನ್ನೂ ಸಡಿಲವಾಗುತ್ತದೆ. ಭಾರತೀಯ ಮಾನಕ 456 ಸಾಧಾರಣ ಸಿಮೆಂಟಿಗೂ ಕನಿಷ್ಠ 7 ದಿನ, ಬಿಸಿ ಒಣಹವೆಯಲ್ಲಿ 10 ದಿನ ಕ್ಯೂರಿಂಗ್ ಬೇಕೆನ್ನುತ್ತದೆ. ಇಂತಹ ನೆಲಕ್ಕೆ ಪೊರಕೆ ಪರಿಹಾರವಲ್ಲ. ಸೋಡಿಯಂ ಅಥವಾ ಲಿಥಿಯಂ ಸಿಲಿಕೇಟ್ ದ್ರಾವಣವನ್ನು ಬಳಿದರೆ ಅದು ಸಿಮೆಂಟಿನ ಸುಣ್ಣದೊಡನೆ ಕೂಡಿ ರಂಧ್ರಗಳೊಳಗೆ ಗಟ್ಟಿ ವಸ್ತುವಾಗಿ ನಿಂತು ಪುಡಿಯೇಳುವುದನ್ನು ಬಹಳಮಟ್ಟಿಗೆ ತಡೆಯುತ್ತದೆ.

ಚೆಲ್ಲಿದ ಎಣ್ಣೆಗೆ ಮರದ ಹೊಟ್ಟು ಹಾಕುವ ಪದ್ಧತಿಯ ಬಗ್ಗೆ ಎರಡು ವಿರುದ್ಧ ನಂಬಿಕೆಗಳಿದ್ದು, ಅದು ಸಂಪೂರ್ಣ ಸುರಕ್ಷಿತವೆನ್ನುವವರೂ ತಾನಾಗಿ ಹೊತ್ತಿಕೊಳ್ಳುತ್ತದೆಂದು ಹೆದರುವವರೂ ಇದ್ದಾರೆ. ಉತ್ತರ ಎಣ್ಣೆಯನ್ನು ಅವಲಂಬಿಸಿದೆ. ಇಂಜಿನ್ ಆಯಿಲ್ ನೆನೆದ ಹೊಟ್ಟು ಗ್ರೈಂಡರಿನ ಕಿಡಿಗೆ ಒಳ್ಳೆಯ ಉರುವಲಾದರೂ ಸಾಧಾರಣ ಉಷ್ಣತೆಯಲ್ಲಿ ತಾನಾಗಿ ಕಾಯುವುದಿಲ್ಲ. ಬಾಗಿಲು ಕಿಟಕಿಗಳಿಗೆ ಹಚ್ಚುವ ಅಗಸೆ ಎಣ್ಣೆಯ ಸ್ವಭಾವ ಬೇರೆ. ಅದು ಒಣಗುವುದು ಆವಿಯಾಗಿ ಅಲ್ಲ, ಗಾಳಿಯ ಆಮ್ಲಜನಕವನ್ನು ಹೀರಿ. ಆಗ ಶಾಖ ಹೊರಬೀಳುತ್ತದೆ. ಬಾಗಿಲಿನ ಮೇಲೆ ತೆಳುವಾಗಿ ಹರಡಿದಾಗ ಆ ಶಾಖ ಗಾಳಿಗೆ ಹೋಗುತ್ತದೆ, ಮೂಲೆಯಲ್ಲಿ ಮುದ್ದೆಯಾಗಿ ಬಿದ್ದ ಬಟ್ಟೆಯಲ್ಲೋ ಹೊಟ್ಟಿನ ರಾಶಿಯಲ್ಲೋ ಒಳಗೇ ಕೂಡಿಕೊಂಡು, ಕೆಲವೇ ಗಂಟೆಗಳಲ್ಲಿ ಕಿಡಿಯ ಹಂಗಿಲ್ಲದೆ ಬೆಂಕಿಯಾಗುತ್ತದೆ. ಅಮೆರಿಕದ ಫಿಲಡೆಲ್ಫಿಯಾದಲ್ಲಿ 1991ರ ಫೆಬ್ರುವರಿಯಲ್ಲಿ 38 ಅಂತಸ್ತಿನ ಒನ್ ಮೆರಿಡಿಯನ್ ಪ್ಲಾಜಾ ಹೊತ್ತಿ ಉರಿದು ಮೂವರು ಅಗ್ನಿಶಾಮಕ ಸಿಬ್ಬಂದಿ ಸತ್ತದ್ದು, ಮರಗೆಲಸದವರು ಬಿಟ್ಟುಹೋದ ಇಂತಹ ಬಟ್ಟೆಗಳಿಂದ. ಅಗಸೆ ಎಣ್ಣೆಯ ಬಟ್ಟೆಯನ್ನು ಹೊರಗೆ ತಂತಿಯ ಮೇಲೆ ಬಿಡಿಸಿ ಒಣಗಿಸಬೇಕು, ಇಲ್ಲವೇ ನೀರು ತುಂಬಿದ ಮುಚ್ಚಳದ ಡಬ್ಬಿಯಲ್ಲಿ ಹಾಕಬೇಕು.

ಕಣ್ಣಿಗೆ ಕಾಣುವ ಹೊಟ್ಟನ್ನು ಗುಡಿಸಿದರೆ ಕೋಣೆ ಸ್ವಚ್ಛವಾಯಿತೆನ್ನುವುದೂ ಪರೀಕ್ಷೆಗೆ ನಿಲ್ಲದು. ನಿಶ್ಚಲ ಗಾಳಿಯಲ್ಲಿ ಎದೆಮಟ್ಟದಿಂದ, ಅಂದರೆ ಒಂದೂವರೆ ಮೀಟರ್ ಎತ್ತರದಿಂದ, ನೀರಿನಷ್ಟು ಸಾಂದ್ರತೆಯ 10 ಮೈಕ್ರೋಮೀಟರ್ ಕಣ ನೆಲ ಮುಟ್ಟಲು ಸುಮಾರು 8 ನಿಮಿಷ ಬೇಕಾದರೆ, 1 ಮೈಕ್ರೋಮೀಟರ್ ಕಣಕ್ಕೆ ಸುಮಾರು 12 ಗಂಟೆ ಬೇಕಾಗುತ್ತದೆ. ಒಂದು ಮೈಕ್ರೋಮೀಟರ್ ಎಂದರೆ ಮಿಲಿಮೀಟರಿನ ಸಾವಿರದಲ್ಲಿ ಒಂದು ಪಾಲು. ಒಣ ಪೊರಕೆಯೂ, ಅದಕ್ಕಿಂತ ಹೆಚ್ಚಾಗಿ ಕಂಪ್ರೆಸರಿನ ಗಾಳಿಯೂ ಈ ನುಣುಪು ಧೂಳನ್ನು ನೆಲದಿಂದ ಎಬ್ಬಿಸಿ ಮೂಗಿಗೆ ತಲುಪಿಸುತ್ತವೆ. ಇಂಗ್ಲೆಂಡಿನ ಹೈ ವಿಕಮ್ ಎಂಬ ಪೀಠೋಪಕರಣಗಳ ಊರಿನ ಕೆಲಸಗಾರರಲ್ಲಿ ಮೂಗಿನ ಒಳಭಾಗದ ಒಂದು ಅಪರೂಪದ ಕ್ಯಾನ್ಸರ್ ಅಸಹಜವಾಗಿ ಹೆಚ್ಚಿರುವುದನ್ನು 1960ರ ದಶಕದಲ್ಲಿ ವೈದ್ಯರು ಗುರುತಿಸಿದ ಮೇಲೆ, ಮರದ ಧೂಳು ನಿರುಪದ್ರವಿಯೆಂಬ ಭಾವನೆ ಕುಸಿಯಿತು. ಅಂತಾರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 1995ರಲ್ಲಿ ಅದನ್ನು ಮನುಷ್ಯರಲ್ಲಿ ಕ್ಯಾನ್ಸರ್ ತರುವುದೆಂದು ಖಚಿತವಾದ ವಸ್ತುಗಳ ಒಂದನೆಯ ಗುಂಪಿನಲ್ಲಿ ಸೇರಿಸಿತು. ಅಂಗಳಕ್ಕೆ ನೀರು ಚಿಮುಕಿಸಿ ಗುಡಿಸುವ ಹಳೆಯ ರೂಢಿಯನ್ನೇ ಇಲ್ಲಿಗೂ ತರಬಹುದು: ಸ್ವಲ್ಪ ಹೊಟ್ಟನ್ನು ತೇವಮಾಡಿ ನೆಲಕ್ಕೆ ಎರಚಿ ಅದರ ಜೊತೆಗೇ ಗುಡಿಸಿದರೆ ನುಣುಪು ಧೂಳು ಅದಕ್ಕಂಟಿ ಬರುತ್ತದೆ. ಕಬ್ಬಿಣದ ಚೂರುಗಳಿಗೆ ಅಯಸ್ಕಾಂತ ಸಾಕು, ಅಲ್ಯೂಮಿನಿಯಂ ಮತ್ತು ಹಿತ್ತಾಳೆಯ ಚೂರುಗಳಿಗೆ ಅದು ಕೆಲಸಕ್ಕೆ ಬಾರದು.

ಇವೆಲ್ಲ ತಾಪತ್ರಯವೇ ಬೇಡವೆಂದು ಎಪಾಕ್ಸಿ ಬಣ್ಣ ಬಳಿಸುವವರು ಒಂದು ಸಣ್ಣ ಪರೀಕ್ಷೆಯನ್ನು ಬಿಡಬಾರದು. ಒಂದೂವರೆ ಅಡಿ ಚೌಕದ ಪ್ಲಾಸ್ಟಿಕ್ ಹಾಳೆಯ ನಾಲ್ಕೂ ಅಂಚನ್ನು ಟೇಪಿನಿಂದ ನೆಲಕ್ಕೆ ಅಂಟಿಸಿ ಒಂದು ದಿನ ಬಿಟ್ಟಾಗ ಅಡಿಯಲ್ಲಿ ಬೆವರು ಹನಿಗಟ್ಟಿದರೆ, ಮಣ್ಣಿನ ತೇವ ಅದೇ ಲೋಮನಾಳಗಳ ಮೂಲಕ ಮೇಲೇರುತ್ತಿದೆಯೆಂದರ್ಥ. ಅಂತಹ ನೆಲದ ಮೇಲೆ ಬಣ್ಣ ಗುಳ್ಳೆಯೆದ್ದು ಸುಲಿದುಬರುವ ಸಂಭವವೇ ಹೆಚ್ಚು.

ಪೈಪಿನ ನೀರು ಬಿಟ್ಟು ತೊಳೆದರೆ ಎಣ್ಣೆ ಹೋಯಿತೆಂಬ ಮಾತಿನಲ್ಲಿ, ಎಲ್ಲಿಗೆ ಹೋಯಿತೆಂಬ ಪ್ರಶ್ನೆ ಉಳಿದುಕೊಂಡಿರುತ್ತದೆ. ಪೋರ್ಟಿಕೊದ ನೀರು ಸಾಮಾನ್ಯವಾಗಿ ಮಳೆನೀರಿನ ಚರಂಡಿಗೆ, ಅಲ್ಲಿಂದ ಕೆರೆಗೆ ಸೇರುತ್ತದೆ. ಮಳೆನೀರಿನ ಇಂಗುಗುಂಡಿ ಇರುವ ಮನೆಯಲ್ಲಾದರೆ ನೇರವಾಗಿ ಅಂತರ್ಜಲದತ್ತ ಇಳಿಯುತ್ತದೆ. ಬಳಸಿದ ಇಂಜಿನ್ ಆಯಿಲ್ 2016ರ ಅಪಾಯಕಾರಿ ತ್ಯಾಜ್ಯ ನಿಯಮಗಳ ವ್ಯಾಪ್ತಿಗೆ ಬರುವ ವಸ್ತು, ಆದರೆ ಮತ್ತೆ ಶುದ್ಧೀಕರಿಸಿ ಬಳಸಬಹುದಾದದ್ದು ಕೂಡ. ಆದ್ದರಿಂದ ಚೆಲ್ಲಿದ್ದನ್ನು ಮೊದಲು ಒಣ ಪುಡಿಯಿಂದ ಹೀರಿಸಿ ಆ ಪುಡಿಯನ್ನು ಹಸಿ ಕಸಕ್ಕೆ ಬೆರೆಸದೆ ಚೀಲದಲ್ಲಿ ಪ್ರತ್ಯೇಕವಾಗಿ ಕಟ್ಟಿಡುವುದು, ಬದಲಾಯಿಸಿದ ಆಯಿಲನ್ನು ಹೊಸ ಆಯಿಲ್ ಬಂದ ಡಬ್ಬಿಯಲ್ಲೇ ತುಂಬಿ, ಹಳೆಯ ಆಯಿಲ್ ಕೂಡಿಟ್ಟು ಮರುಶುದ್ಧೀಕರಣಕ್ಕೆ ಕೊಡುವ ಗ್ಯಾರೇಜಿಗೆ ತಲುಪಿಸುವುದು, ಇವೆರಡಾದ ಮೇಲಷ್ಟೇ ಬಕೆಟ್ಟು ಹಿಡಿಯಬೇಕು.