ಜಗಲಿಯ ಮಾಡಿಗೆ ಏನು ಹೊದಿಸೋಣ?

ಕರಾವಳಿಯ ಹಳೆಯ ಮನೆಗಳಲ್ಲಿ ಜಗಲಿ ಎಂದರೆ ಕೇವಲ ಮನೆಯ ಮುಂಭಾಗವಲ್ಲ. ಹೆಂಗಸರು ಅಕ್ಕಿ ಆರಿಸುವುದು, ಮಕ್ಕಳು ಪಾಠ ಓದುವುದು, ಅಜ್ಜಿ ಗಾಳಿಗೆ ಕೂರುವುದು ಎಲ್ಲವೂ ಅಲ್ಲಿಯೇ. ಅದರ ಮಾಡು ಸೋರತೊಡಗಿದರೆ ಮನೆಯಲ್ಲಿ ಚರ್ಚೆ ಆರಂಭವಾಗುತ್ತದೆ: ತಗಡಿನ ಶೀಟೇ, ಕಾಂಕ್ರೀಟೇ, ಮತ್ತೆ ಹೆಂಚೇ? ಹೆಚ್ಚಾಗಿ ಈ ತೀರ್ಮಾನ ಗಂಡಸರು ಮತ್ತು ಮೇಸ್ತ್ರಿಯ ನಡುವೆಯೇ ಮುಗಿದುಹೋಗುತ್ತದೆ. ಆದರೆ ಹಗಲಿಡೀ ಆ ಮಾಡಿನ ಕೆಳಗೆ ಇರುವವರು ಯಾರು?

ಮೊದಲು ಸೋರಿಕೆಯ ಕಾರಣ ತಿಳಿಯಬೇಕು. ಅನೇಕ ಬಾರಿ ತಪ್ಪು ಹೆಂಚಿನದ್ದಲ್ಲ. ಗೆದ್ದಲು ತಿಂದು ರೀಪು ಬಾಗಿರುತ್ತದೆ. ಇಲ್ಲವೇ ಜಗಲಿಯ ಮಾಡು ಮನೆಯ ಗೋಡೆಗೆ ಸೇರುವಲ್ಲಿ ಗಾರೆ ಬಿರುಕು ಬಿಟ್ಟಿರುತ್ತದೆ. ಅಲ್ಲಿ ಮತ್ತೆ ಸಿಮೆಂಟ್ ಮೆತ್ತಿದರೆ ಮತ್ತೆ ಬಿರಿಯುತ್ತದೆ. ಗೋಡೆಯಲ್ಲಿ ಸಣ್ಣ ಗೀರು ಕೊರೆದು, ಮಡಿಚಿದ ತಗಡನ್ನು ಹೆಂಚಿನ ಮೇಲೆ ಇಳಿಯುವಂತೆ ಕೂರಿಸುವುದು ಬಾಳಿಕೆಯ ದಾರಿ.

ಮಂಗಳೂರಿನ ಜೆಪ್ಪುವಿನಲ್ಲಿ ಬಾಸೆಲ್ ಮಿಷನ್ 1865ರಲ್ಲಿ ಹೆಂಚಿನ ಕಾರ್ಖಾನೆ ಆರಂಭಿಸಿತು. ಆ ಬಳಿಕ ಕಟ್ಟಿದ ಅದೆಷ್ಟೋ ಮನೆಗಳ ಇಳಿಜಾರು, ಪಕ್ಕಾಸು, ಕೆಂಪುಕಲ್ಲಿನ ಗೋಡೆ ಎಲ್ಲವೂ ಹೆಂಚಿನ ಲೆಕ್ಕದಲ್ಲೇ ಇವೆ. 100 ಚದರ ಅಡಿಗೆ ಸುಮಾರು 150 ಹೆಂಚು ಬೇಕು. ಅವುಗಳ ಒಟ್ಟು ಭಾರ ಅಂದಾಜು 375 ಕಿಲೋ. ಅಷ್ಟೇ ಜಾಗದ ನಾಲ್ಕು ಇಂಚಿನ ಕಾಂಕ್ರೀಟ್ ಎರಡು ಸಾವಿರ ಕಿಲೋ ಮೀರುತ್ತದೆ. ಹಳೆಯ ಕಂಬಗಳು ಅದನ್ನು ಹೊರಬಲ್ಲವೇ ಎಂದು ಇಂಜಿನಿಯರನ್ನು ಕೇಳದೆ ಕೈಹಾಕುವುದು ಅಪಾಯ.

ತಗಡಿನ ಶೀಟ್ ಹಗುರ, ಕೆಲಸವೂ ಬೇಗ. ಆದರೆ ಬೇಸಿಗೆಯಲ್ಲಿ ಅದು ಕಾದ ಕಾವಲಿ, ಮಳೆಯಲ್ಲಿ ಮಾತು ಕೇಳಿಸದಷ್ಟು ಸದ್ದು. ಸಮುದ್ರದ ಉಪ್ಪುಗಾಳಿಗೆ ತುಕ್ಕೂ ಬೇಗ ಹಿಡಿಯುತ್ತದೆ. ಹೆಂಚಿನ ಸಂದುಗಳಲ್ಲಾದರೋ ಬಿಸಿಗಾಳಿ ಹೊರಹೋಗುತ್ತದೆ. ಆಸ್ಬೆಸ್ಟಾಸ್ ಶೀಟಿನ ಯೋಚನೆಯಂತೂ ಬೇಡ. ಅದರ ಧೂಳು ಶ್ವಾಸಕೋಶದ ಕ್ಯಾನ್ಸರ್ ತರಬಲ್ಲದು. ಈಗಾಗಲೇ ಅದು ಮಾಡಿನಲ್ಲಿದ್ದರೆ ಕೊರೆಯಬೇಡಿ, ಒಡೆಯಬೇಡಿ. ತೆಗೆಯಬೇಕಾದರೆ ಮಕ್ಕಳನ್ನು ದೂರವಿರಿಸಿ, ನೀರು ಚಿಮುಕಿಸಿ, ಇಡಿಯಾಗಿ ಇಳಿಸಬೇಕು.

ಹೆಂಚನ್ನೇ ಆರಿಸಿದರೆ ಮೊದಲು ಮರವನ್ನು ಸರಿಪಡಿಸಿ. ಹಳೆಯ ಹೆಂಚನ್ನು ಬೆರಳಿನಿಂದ ತಟ್ಟಿ ನೋಡಿ. ಟಣ್ ಎಂದರೆ ಗಟ್ಟಿ, ಮಂದ ಸದ್ದು ಬಂದರೆ ಬಿರುಕಿದೆ ಎಂದರ್ಥ. ಒಂದೊಂದು ಕಾರ್ಖಾನೆಯ ಅಳತೆಯಲ್ಲಿ ಸ್ವಲ್ಪ ವ್ಯತ್ಯಾಸವಿರುವುದರಿಂದ ಕೊಳ್ಳಲು ಹೋಗುವಾಗ ನಿಮ್ಮ ಮನೆಯ ಒಂದು ಹೆಂಚನ್ನು ಜೊತೆಗೊಯ್ಯಿರಿ. ಕೆಡವಿದ ಮನೆಗಳ ಹಳೆಯ ಹೆಂಚುಗಳೂ ಮಾರಾಟಕ್ಕೆ ಸಿಗುತ್ತವೆ. ಕತ್ತಲಿರುವಲ್ಲಿ ಒಂದೆರಡು ಗಾಜಿನ ಹೆಂಚು ಸೇರಿಸಿದರೆ ಹಗಲು ದೀಪದ ಖರ್ಚಿಲ್ಲ.

ಮಳೆ ಹತ್ತಿರವಿದ್ದು ಕೈಯಲ್ಲಿ ಹಣವಿಲ್ಲದಿದ್ದರೆ ಈ ವರ್ಷಕ್ಕೆ ಟಾರ್ಪಾಲು ಹೊದಿಸಿದರೂ ಸಾಕು. ಅವಸರದಲ್ಲಿ ಇಳಿಸಿದ ಗಟ್ಟಿ ಹೆಂಚು ಅಂಗಳದಲ್ಲಿ ಒಡೆದುಹೋದರೆ ಮರಳಿ ಬರುವುದಿಲ್ಲ. ಮೇಸ್ತ್ರಿ ಬಂದಾಗ ಒಳಗೇ ನಿಲ್ಲದೆ ನಿಮ್ಮ ಅಭಿಪ್ರಾಯವನ್ನೂ ಹೇಳಿ. ಸೆಕೆ, ಸದ್ದು, ಸೋರಿಕೆಗಳನ್ನು ನಿಮ್ಮಷ್ಟು ಬಲ್ಲವರು ಆ ಮನೆಯಲ್ಲಿ ಬೇರೆ ಯಾರೂ ಇಲ್ಲ.